ಹಿಂಬಾಗಿಲ ಎಲೆ

ಅವಳ ಹಂದಿಗಳು ದಪ್ಪಗಿದ್ದವು. ಮೊದಲು ಇದನ್ನು ಹೇಳಿಬಿಡುತ್ತೇನೆ. ಹೋದ ತಿಂಗಳು ಅವಳು ಸತ್ತಾಗ ಶಾಲೆಯಲ್ಲಿ ಸಭೆ ಮಾಡಿದರು. ಫೋಟೋಗೆ ಹೂ ಹಾಕಿ ಒಬ್ಬೊಬ್ಬರೂ ಎದ್ದು ಅನ್ನಪೂರ್ಣೆ, ಮಹಾತಾಯಿ ಎಂದೆಲ್ಲ ಮಾತಾಡಿದರು. ಹಂದಿಯ ವಿಷಯ ಒಬ್ಬರೂ ಎತ್ತಲಿಲ್ಲ. ಹನ್ನೊಂದು ವರ್ಷ ಅವಳ ಜೊತೆ ಒಂದೇ ಅಡುಗೆಮನೆಯಲ್ಲಿ ನಿಂತವಳು ನಾನು, ಆದ್ದರಿಂದ ನನ್ನ ಕೈಗೂ ಮೈಕು ಕೊಟ್ಟರು. "ಒಳ್ಳೆ ಅಡುಗೆ ಮಾಡ್ತಿದ್ದಳು" ಎಂದು ಹೇಳಿ ಕೂತೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಅವಳ ಹೆಸರು ಬರೆಯುವುದಿಲ್ಲ, ಅವಳ ಮಗ ಜಗಳಕ್ಕೆ ಬರುವ ಜಾತಿಯವನು.

ಹೊಳೆ ಬದಿಯ ಸರ್ಕಾರಿ ಶಾಲೆ ಅದು. ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು, ನಾನು ಸಹಾಯಕಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಮುಖದೆದುರು ಅಕ್ಕ ಎನ್ನುತ್ತಿದ್ದೆ. ಮನಸ್ಸಿನೊಳಗೆ ಏನು ಎನ್ನುತ್ತಿದ್ದೆ ಎಂಬುದು ಬೇರೆ.

ಆಳು ಸಣ್ಣ, ಕೈ ದೊಡ್ಡದು. ಎಡಗೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು ಬಲಗೈ ಒಂದರಲ್ಲೇ ನೂರು ಮಕ್ಕಳ ಸಾಂಬಾರು ತಿರುವುತ್ತಿದ್ದಳು. ಉಪ್ಪನ್ನು ಅಳೆಯುತ್ತಿರಲಿಲ್ಲ. ರುಚಿಯನ್ನೂ ನೋಡುತ್ತಿರಲಿಲ್ಲ. ಆವಿಯ ಮೇಲೆ ಅಂಗೈ ಹಿಡಿದು, ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದು, "ಆಯ್ತು, ಇಳ್ಸು" ಎಂದರೆ ಆಯ್ತು. ಅಷ್ಟೆಲ್ಲ ಬೇಯಿಸಿದವಳು ಒಂದು ದಿನವೂ ಆ ಅನ್ನ ಉಣ್ಣಲಿಲ್ಲ. ಮನೆಯಿಂದ ಅಕ್ಕಿ ರೊಟ್ಟಿ, ಏನಾದರೂ ಸೊಪ್ಪಿನ ಪಲ್ಯ ತಂದು ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ತಾನು ಮಾಡಿದ್ದನ್ನು ತಾನೇ ತಿನ್ನದ ಅಡುಗೆಯವಳನ್ನು ನಂಬಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನು ಮೊದಲ ವಾರದಿಂದಲೇ ಅವಳ ಮೇಲೆ ಒಂದು ಕಣ್ಣಿಟ್ಟಿದ್ದೆ.

ಅದು ಅವಳಿಗೂ ಗೊತ್ತಿತ್ತು. "ಎಂತ ನೋಡ್ತೀಯ ಮಾರಾಯ್ತಿ? ನನ್ನ ಮೂತೀಲಿ ಸಾರು ಉಂಟಾ?" ಎನ್ನುತ್ತಿದ್ದಳು.

ಈಗಿನ ಮಕ್ಕಳು ಉಣ್ಣುವುದು ನಿಮಗೆ ಗೊತ್ತಿರಬಹುದು. ಬರುವಾಗಲೇ ಅಂಗಡಿಯ ಚಿಪ್ಸ್ ತಿಂದು ಬಂದಿರುತ್ತವೆ. ತಟ್ಟೆಯಲ್ಲಿ ಅನ್ನ ಕಲಸಿ, ಗುಡ್ಡೆ ಮಾಡಿ, ನುಗ್ಗೆಕಾಯಿಯನ್ನು ಪಕ್ಕದವನ ತಟ್ಟೆಗೆ ಎಸೆದು ಎದ್ದುಬಿಡುತ್ತವೆ. ತೊಳೆಯುವ ಕಲ್ಲಿನ ಹತ್ತಿರ ಒಂದು ದೊಡ್ಡ ಬಕೆಟ್ಟು. ತಟ್ಟೆಯಲ್ಲಿ ಉಳಿದದ್ದೆಲ್ಲ ಅದಕ್ಕೆ. ಮಳೆಗಾಲದಲ್ಲಿ ಅರ್ಧ ಬಕೆಟ್ಟು, ಬೇಸಿಗೆಯಲ್ಲಿ ಮುಕ್ಕಾಲು. ಸಂಜೆ ಅವಳ ಮಗ ಬೈಕಿನಲ್ಲಿ ಬಂದು ಆ ಬಕೆಟ್ಟನ್ನು ಹಂದಿಗೂಡಿಗೆ ಒಯ್ಯುತ್ತಿದ್ದ. ನಮ್ಮಲ್ಲಿ ಹಂದಿ ಸಾಕುವುದು ತಪ್ಪೇನಲ್ಲ, ಮುಸುರೆ ಒಯ್ಯುವುದೂ ತಪ್ಪಲ್ಲ. ಆದರೆ ಮಕ್ಕಳು ಬಿಸಾಡಿದಷ್ಟೂ ಲಾಭ ಪಡೆಯುವವಳು ಅಡುಗೆಮನೆಯ ಯಜಮಾನಿಯಾಗಿದ್ದರೆ ಏನನ್ನಬೇಕು?

ಮಕ್ಕಳು ಬಿಸಾಡಬಾರದು ಎಂದು ಕುಲೆಯ ಕತೆ ಹೇಳಲು ಶುರು ಮಾಡಿದವಳೂ ಅವಳೇ. ಕುಲೆ ಎಂದರೆ ನಮ್ಮ ಕಡೆ ಸತ್ತವರ ಜೀವ. ಶಾಲೆ ಕಟ್ಟುವ ಮೊದಲು ಆ ಜಾಗದಲ್ಲಿ ಕಾಫಿ ಒಣಗಿಸುವ ಕಣ ಇತ್ತಂತೆ. ಬೀಜ ಗುಡಿಸುವ ಒಬ್ಬ ಹೆಂಗಸು ಮಧ್ಯಾಹ್ನ ಬುತ್ತಿಯ ಗಂಟು ಬಿಚ್ಚಿದವಳು, ತುತ್ತು ಬಾಯಿಗೆ ಇಡುವ ಮೊದಲೇ ಸತ್ತಳಂತೆ.

"ಅವಳು ಎಲ್ಲಿಗೂ ಹೋಗ್ಲಿಲ್ಲ ಮಕ್ಕಳೇ" ಎಂದು ಸೌಟು ಹಿಡಿದು ಸಾಲಿನ ಮಧ್ಯೆ ನಡೆಯುತ್ತ ಹೇಳುತ್ತಿದ್ದಳು. "ನಿಮ್ಮ ಹಿಂದೆಯೇ ಕೂತಿರ್ತಾಳೆ. ಯಾರ ತಟ್ಟೇಲಿ ಅನ್ನ ಉಳೀತದೋ ಅವರ ಬೆನ್ನಿಗೆ ಬೆನ್ನು ಕೊಡ್ತಾಳೆ. ಬೆನ್ನು ತಣ್ಣಗಾಯ್ತಾ, ಅವಳು ಬಂದಳು ಅಂತ ತಿಳ್ಕೊಳ್ಳಿ."

"ಅಜ್ಜೀ, ನಂದು ತಣ್ಣಗಾಯ್ತು!"

"ನಂದೂ!"

ಜುಲೈ ತಿಂಗಳ ಕೊಡಗಿನಲ್ಲಿ ಯಾರ ಬೆನ್ನು ಬೆಚ್ಚಗಿರುತ್ತದೆ? ಎರಡು ದಿನ ತಟ್ಟೆಗಳು ನೆಕ್ಕಿದಂತೆ ಖಾಲಿಯಾದವು. ಆಮೇಲೆ ಮಕ್ಕಳು ಕತೆಗೆ ಬಾಲ ಹಚ್ಚಿದರು. ಕುಲೆಯ ಕಾಲು ಹಿಂದೆ ಮುಂದಾಗಿದೆ ಎಂದು ಒಬ್ಬ. ಕಕ್ಕಸಿನಲ್ಲಿ ನಲ್ಲಿ ತಿರುಗಿಸುವುದು ಅವಳೇ ಎಂದು ಇನ್ನೊಬ್ಬಳು. ಐದನೆಯ ಕ್ಲಾಸಿನ ಒಬ್ಬಳು ಬುದ್ಧಿವಂತೆ, ಕುಲೆಗೆ ಒಂದು ಹಿಡಿ ಬಿಟ್ಟರೆ ಅವಳು ಹತ್ತಿರ ಬರುವುದಿಲ್ಲ ಎಂದು ಹೇಳಿಕೊಟ್ಟಳು. ಅಲ್ಲಿಂದ ಎಲ್ಲ ಮಕ್ಕಳೂ ಹೆದರಿ ಒಂದೊಂದು ಹಿಡಿ ಬಿಡತೊಡಗಿದರು. ಅರ್ಧ ಇದ್ದ ಬಕೆಟ್ಟು ತುಂಬಿ ಚೆಲ್ಲಿತು. ಇದು ಕೈ ತಪ್ಪಿ ಆದದ್ದೋ, ಇದಕ್ಕೇ ಮಾಡಿದ್ದೋ? ಅವಳ ಮಗ ಆ ವಾರ ಎರಡನೆಯ ಬಕೆಟ್ಟು ತಂದದ್ದನ್ನು ನಾನು ಕಣ್ಣಾರೆ ಕಂಡೆ.

ಆಗ ನಮಗಿದ್ದ ಹೆಡ್‌ಮಾಷ್ಟ್ರು ಮೈಸೂರು ಕಡೆಯವರು, ಸೌಮ್ಯ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನಮ್ಮಾ, ಇದು ವಿಜ್ಞಾನದ ಕಾಲ. ಮಕ್ಕಳಿಗೆ ದೆವ್ವ ಗಿವ್ವ ಕಲಿಸಬೇಡಿ."

"ವಿಜ್ಞಾನ ನೀವು ಕಲ್ಸಿ ಸಾರ್. ತಟ್ಟೆ ಖಾಲಿ ಮಾಡೋದು ನಾನು ಕಲಿಸ್ತೇನೆ."

"ಎಲ್ಲಿ ಖಾಲಿ ಆಗ್ತಿದೆ?"

"ನಿಮ್ಮ ವಿಜ್ಞಾನ ತಲೆಗೆ ಹತ್ತಿತಾ?"

ಅವರು ನಕ್ಕು ಹೋದರು. ಅವಳು ನಗಲಿಲ್ಲ. ನಗುವುದು ಅವಳಿಗೆ ಒಗ್ಗುತ್ತಿರಲಿಲ್ಲ, ಹಲ್ಲು ಸರಿ ಇರಲಿಲ್ಲ.

ಆ ವರ್ಷ ಕಾಫಿ ಕುಯ್ಲಿಗೆ ಪಕ್ಕದ ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೊಸಬರು ಬಂದರು. ಎಲ್ಲಿಂದ ಬಂದರೂ ನಮ್ಮವರು ಅವರನ್ನು ಅಸ್ಸಾಮಿನವರು ಎನ್ನುತ್ತಾರೆ. ನಮ್ಮ ಅಡುಗೆಮನೆಯ ಹಿಂಬಾಗಿಲು ತೆರೆದರೆ ತೊಳೆಯುವ ಕಲ್ಲು, ಅದರಾಚೆ ಬೇಲಿ, ಬೇಲಿಯಾಚೆ ತೋಟ, ತೋಟದ ತಗ್ಗಿನಲ್ಲಿ ಲೈನು ಮನೆಗಳು. ಒಂದು ಮಧ್ಯಾಹ್ನ ಹಿಂದೆ ಏನೋ ಸದ್ದಾಯಿತು. ನಾಯಿ ಎಂದುಕೊಂಡು ಇಬ್ಬರೂ ಹೋದೆವು. ಎಂಟೊಂಬತ್ತು ವರ್ಷದ ಒಬ್ಬಳು ಹುಡುಗಿ, ಸೊಂಟದ ಮೇಲೆ ಎರಡು ವರ್ಷದ ತಂಗಿ. ದೊಡ್ಡವಳ ಕೈ ಬಕೆಟ್ಟಿನಲ್ಲಿ ಮೊಣಕೈವರೆಗೆ ಇಳಿದಿತ್ತು. ಚಿಕ್ಕದರ ಬಾಯಿ ತುಂಬ ಅನ್ನ.

ಅಕ್ಕ ಸೌಟು ಎತ್ತಿಕೊಂಡು ನುಗ್ಗಿದಳು. "ಹೋಗಿ! ಥೂ! ಕೈ ತೆಗಿ! ಹಂದಿದು ಅದು, ಹಂದಿದು!" ಬೇಲಿಯ ಕಂಬಕ್ಕೆ ಪಟಪಟ ಬಡಿದಳು. ಮಕ್ಕಳು ಬೇಲಿ ನುಸುಳಿ ಓಡಿದವು. ಅವಳು ಬಕೆಟ್ಟಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿದಳು.

ನನಗೆ ಮೈ ಉರಿಯಿತು. "ನಿಂಗೆ ಹಂದಿ ಹೆಚ್ಚಾ, ಮಕ್ಕಳು ಹೆಚ್ಚಾ ಅಕ್ಕ?"

"ಎಂಜಲು ಹಂದಿ ತಿನ್ಬಹುದು. ಮಕ್ಕಳು ತಿನ್ಬಾರ್ದು."

"ಹಸಿದ ಹೊಟ್ಟೆಗೆ ಎಂಜಲು ಗಿಂಜಲು ಗೊತ್ತಾಗ್ತದಾ?"

"ಹೊಟ್ಟೆಗೆ ಗೊತ್ತಾಗಲ್ಲ. ನಾಳೆ ದೊಡ್ಡವಳಾದ ಮೇಲೆ ಅವಳಿಗೆ ಗೊತ್ತಾಗ್ತದೆ."

"ಹಾಗಾದ್ರೆ ಒಳಗೆ ಕರೆದು ಸಾಲಲ್ಲಿ ಕೂರ್ಸು."

ಅವಳು ಪಾತ್ರೆ ಬೋರಲು ಹಾಕಿ ಉಜ್ಜತೊಡಗಿದಳು. ಮಾತಿಗೇನು, ಯಾರು ಬೇಕಾದರೂ ಚೆನ್ನಾಗಿ ಆಡಬಹುದು. ಕಲ್ಲು ಹೇರಿದ್ದು ಮಾತ್ರ ಬಕೆಟ್ಟಿನ ಮೇಲೆ ತಾನೆ ಎಂದುಕೊಂಡೆ. ಆ ಮಕ್ಕಳು ಮತ್ತೆ ಬೇಲಿಯ ಹತ್ತಿರ ಕಾಣಲಿಲ್ಲ. ಸರಿಯಾಗಿ ಹೆದರಿಸಿದ್ದಾಳೆ ಎಂದುಕೊಂಡೆ.

ಮುಂದಿನ ಸೋಮವಾರ ಹೊಸ ಆಟ ಶುರುವಾಯಿತು. ಅನ್ನ ಇಳಿಸಿದ ಕೂಡಲೇ, ಮೇಷ್ಟ್ರು ರುಚಿ ನೋಡುವ ಮೊದಲೇ, ಅವಳು ಬಾಳೆ ಎಲೆಯೊಂದನ್ನು ಒರೆಸಿ, ಮೇಲಿನ ಬಿಸಿ ಅನ್ನ, ಅದರ ಮೇಲೆ ಸಾಂಬಾರು ಬಡಿಸಿ, ಹಿಂದಿನ ತೊಳೆಯುವ ಕಲ್ಲಿನ ಮೇಲೆ ಇಟ್ಟು ಬಂದು ಬಾಗಿಲು ಎಳೆದುಕೊಂಡಳು.

"ಎಂತ ಅಕ್ಕ ಇದು?"

"ಕುಲೆಗೆ. ಕಣದ ಹೆಂಗಸಿಗೆ. ಮಕ್ಕಳು ಸುಮ್ಮನೆ ಹೆದರಿ ಅನ್ನ ಬಿಡ್ತಾವೆ. ಅವಳಿಗೆ ಅವಳ ಪಾಲು ಮೊದಲೇ ಕೊಟ್ಟುಬಿಟ್ರೆ ಮುಗೀತಲ್ಲ."

ಓದುವವರಿಗೆ ಇದು ಗೊತ್ತಿರಲಿ. ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ಪದ್ಧತಿ ಉಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಹಾಕಿ ಮನೆಯವರೆಲ್ಲ ಹೊರಗೆ ಕೂರುತ್ತೇವೆ. ಸತ್ತವರು ಉಣ್ಣುವಾಗ ಇಣುಕಬಾರದು. ಇಣುಕಿದರೆ ಎಲೆ ಬಿಟ್ಟು ಎದ್ದು ಹೋಗುತ್ತಾರೆ, ಮತ್ತೆ ಆ ಮನೆಗೆ ಬರುವುದಿಲ್ಲ ಎಂಬ ನಂಬಿಕೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಆಮೇಲೆ ಬಾಗಿಲು ತೆರೆಯಬೇಕು. ಅವಳು ಶಾಲೆಯಲ್ಲೂ ಹಾಗೇ ಮಾಡಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸ್ವಲ್ಪ ಹೊತ್ತಾದ ಮೇಲೆ ಗಟ್ಟಿಯಾಗಿ ಕೆಮ್ಮಿ ತೆರೆದಳು. ಎಲೆ ಖಾಲಿ.

ಮಕ್ಕಳಿಗೆ ಹಬ್ಬ. "ಕುಲೆ ಉಂಡ್ತು! ಕುಲೆ ಉಂಡ್ತು!" ಕುಲೆಯ ಪಾಲು ಕುಲೆಗೆ ಹೋದ ಮೇಲೆ ತಟ್ಟೆಯಲ್ಲಿ ಹಿಡಿ ಬಿಡುವುದನ್ನೂ ನಿಲ್ಲಿಸಿದವು. ಬಕೆಟ್ಟು ಇಳಿಯಿತು. ಅದು ಒಪ್ಪತಕ್ಕ ಮಾತು.

ಆದರೆ ನಾನು ಸೌಟು ಎಣಿಸುವವಳು. ನಮ್ಮ ಮನೆಯ ಹಿರಿಯರಿಗೆಲ್ಲ ಸೇರಿ ಒಂದು ಸೌಟು ಅನ್ನ ಇಟ್ಟರೆ ಹೆಚ್ಚು. ಈ ಕುಲೆಗೆ ಮೂರು ಸೌಟು. ಒಂದು ದಿನ ಮೊಟ್ಟೆ ಕೊಟ್ಟರೆ ಎಲೆಯ ಮೇಲೆ ಎರಡು ಮೊಟ್ಟೆ. ಎಲೆಯಲ್ಲಿ ಒಂದಗುಳೂ ಉಳಿಯುವುದಿಲ್ಲ, ಮೊಟ್ಟೆಯ ಸಿಪ್ಪೆಯೂ ಇರುವುದಿಲ್ಲ. ಕಾಗೆ ತಿಂದರೆ ಚೆಲ್ಲುತ್ತದೆ, ನಾಯಿ ತಿಂದರೆ ಎಲೆ ಹರಿಯುತ್ತದೆ. ಇದು ಡಬ್ಬಿಗೆ ಸುರಿದುಕೊಂಡು ಹೋಗುವವರ ಕೆಲಸ. ಅವಳ ಮಗನ ಬೈಕು ಆ ಹೊತ್ತಿಗೆ ತೋಟದ ದಾರಿಯಲ್ಲಿ ಹೋದ ಸದ್ದು ನಾನು ಎರಡು ಸಲ ಕೇಳಿದ್ದೆ. ಎಂಜಲು ಸಾಲದಾಯಿತು, ಈಗ ಹೊಸ ಅನ್ನಕ್ಕೇ ಕೈ ಹಾಕಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಹೆಡ್‌ಮಾಷ್ಟ್ರ ಹತ್ತಿರ ಹೋದೆ. "ಸಾರ್, ಕುಲೆ ಮೂರು ಸೌಟು ಅನ್ನ ತಿನ್ತದಾ? ಎರಡು ಮೊಟ್ಟೆ ತಿನ್ತದಾ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಗೊತ್ತಿಲ್ಲಮ್ಮ. ನಾನು ಆ ಬಾಗಿಲ ಕಡೆ ಹೋಗೋದಿಲ್ಲ" ಎಂದರು. ಇವರೂ ಸೇರಿಕೊಂಡಿದ್ದಾರೆ ಎಂದು ನನಗೆ ಅನುಮಾನ ಬಂತು.

ಮಾರನೆಯ ದಿನ ಅವಳು ಎಲೆ ಇಟ್ಟು ಬಾಗಿಲು ಹಾಕಿದಳು. ಅಷ್ಟರಲ್ಲಿ ಸಾಲಿನಲ್ಲಿ ಯಾರೋ ನೀರಿನ ಕೊಡ ಬೀಳಿಸಿದರು, ಅವಳು ಆ ಕಡೆ ಓಡಿದಳು. ನಾನು ಹೋಗಿ ಬಾಗಿಲು ತೆರೆದೆ. ಕೆಮ್ಮಲಿಲ್ಲ. ಕಳ್ಳರನ್ನು ಹಿಡಿಯುವವರು ಕೆಮ್ಮುತ್ತಾರಾ?

ಕಲ್ಲಿನ ಮುಂದೆ ಆ ಇಬ್ಬರು ಕೂತಿದ್ದರು. ದೊಡ್ಡವಳು ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ, ಎಲೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಒಂದೊಂದೇ ತಂಗಿಯ ಬಾಯಿಗೆ ಕೊಡುತ್ತಿದ್ದಳು. ನನ್ನನ್ನು ನೋಡಿದಳು. ಕೈಯಲ್ಲಿದ್ದ ಉಂಡೆಯನ್ನು ಎಲೆಯ ಮೇಲೆ ವಾಪಸು ಇಟ್ಟಳು. ಕದ್ದದ್ದನ್ನು ಇಡುವ ಹಾಗೆ ಇಟ್ಟಳು. ತಂಗಿಯನ್ನು ಎತ್ತಿಕೊಂಡು ಬೇಲಿ ನುಸುಳಿ ಹೋದಳು, ಈ ಸಲ ಓಡಲಿಲ್ಲ.

ಹಿಂದೆ ಅಕ್ಕ ನಿಂತಿದ್ದಳು.

"ಉಣ್ಣುವಾಗ ನೋಡ್ಬಾರ್ದು ಅಂತ ನಿನ್ನ ಅಪ್ಪನ ಮನೇಲಿ ಹೇಳಿಕೊಡ್ಲಿಲ್ವಾ?"

"ಅದು ಸತ್ತವರಿಗೆ."

"ಬದುಕಿದವರಿಗೆ ಬೇಡ್ವಾ?"

"ಒಂದು ಮಾತು ನಂಗೆ ಹೇಳ್ಬಹುದಿತ್ತು" ಎಂದೆ.

"ಹೇಳಿದ್ರೆ ನೀನು ಹೆಡ್‌ಮಾಷ್ಟ್ರ ಕಿವಿಗೆ ಹಾಕ್ತಿದ್ದೆ. ಹೇಳದೆಯೇ ಹಾಕಿದ್ದೀಯಲ್ಲ." ಎಲೆಯನ್ನು ಮಡಚಿ ಎತ್ತಿಕೊಂಡಳು. "ಇನ್ನು ಬರಲ್ಲ ನೋಡು."

ಬರಲಿಲ್ಲ. ಆಮೇಲೆ ಹೆಡ್‌ಮಾಷ್ಟ್ರೇ ಹೇಳಿದರು: ಬಕೆಟ್ಟಿನ ಗಲಾಟೆಯ ದಿನವೇ ಅಕ್ಕ ಅವರ ಮುಂದೆ ನಿಂತು ಆ ಮಕ್ಕಳ ಹೆಸರು ಸೇರಿಸಿಕೊಳ್ಳಿ ಎಂದು ಕೇಳಿದ್ದಳಂತೆ. ತಂಗಿಯನ್ನು ಬಿಟ್ಟು ಆ ಹುಡುಗಿ ಕ್ಲಾಸಿನಲ್ಲಿ ಕೂರುವುದಿಲ್ಲ, ಕುಯ್ಲು ಮುಗಿದರೆ ಹೋಗುವವರು, ಹಾಜರಿಯಲ್ಲಿ ಇಲ್ಲದವರಿಗೆ ಅಕ್ಕಿ ಇಲ್ಲ ಎಂದು ಅವರು ಹೇಳಿದ್ದರಂತೆ. "ಸರಿ ಸಾರ್. ನೀವು ಹಿಂಬಾಗಿಲ ಕಡೆ ಬರಬೇಡಿ" ಎಂದು ಹೇಳಿ ಬಂದಳಂತೆ.

ಒಂದು ವಾರ ಅವಳು ಎಲೆ ಇಟ್ಟಳು. ಕಾಗೆ ಚೆಲ್ಲಿತು, ನಾಯಿ ಹರಿಯಿತು. ಎಂಟನೆಯ ದಿನ ಎಲೆ ಹಾಕಲಿಲ್ಲ. ಸ್ಟೀಲಿನ ಡಬ್ಬಿಯಲ್ಲಿ ಮೇಲಿನ ಅನ್ನ ತುಂಬಿ ನನ್ನ ಮುಂದೆ ಕುಕ್ಕಿದಳು.

"ನೋಡಿದ್ದು ನೀನು. ನೀನೇ ಹೋಗು."

ಬಡಿಸಿ ಮುಗಿದ ಮೇಲೆ ಹೋದೆ. ಲೈನಿನಲ್ಲಿ ದೊಡ್ಡವರೆಲ್ಲ ಕುಯ್ಲಿಗೆ ಹೋಗಿದ್ದರು. ನಾನು ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಕೊನೆಯ ಮನೆಯ ಬಾಗಿಲು ಮುಚ್ಚಿತು. ಹಲಗೆಯ ಸಂದಿಯಲ್ಲಿ ಒಂದು ಕಣ್ಣು.

"ಅನ್ನ ಉಂಟು ಮಗಾ. ಖಾನಾ, ಖಾನಾ" ಎಂದೆ. ನನಗೆ ಬರುವ ಹಿಂದಿ ಅಷ್ಟೇ.

ಕಣ್ಣು ಹೋಯಿತು. ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು, ಬೆನ್ನು ಹಾಕಿ ನಿಂತೆ. ಕೆಮ್ಮಿದೆ. ಒಳಗೆ ಚಿಕ್ಕದು ಅಳಲು ಶುರು ಮಾಡಿತು. ಯಾರೋ ಬಾಯಿಗೆ ಕೈ ಇಟ್ಟ ಹಾಗೆ ಆ ಅಳು ಅರ್ಧಕ್ಕೆ ನಿಂತಿತು. ಇನ್ನೂ ಸ್ವಲ್ಪ ಹೊತ್ತು ನಿಂತೆ, ಮಂಡಿ ನೋಯತೊಡಗಿತು. ತಿರುಗಿ ನೋಡಿದರೆ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳದ ಮೇಲೆ ಇರುವೆ ಹತ್ತುತ್ತಿತ್ತು.

ಅಲ್ಲೇ ಬಿಟ್ಟು ಬಂದರೆ ಲೈನಿನ ನಾಯಿಗಳಿಗೆ ಆಗುತ್ತಿತ್ತು. ವಾಪಸು ಒಯ್ದರೆ ಅವಳಿಗೆ ಮುಖ ತೋರಿಸಬೇಕಾಗುತ್ತಿತ್ತು. ಬಿಸಾಡಲು ಕೈ ಬರಲಿಲ್ಲ. ಎಸ್ಟೇಟಿನ ದಾರಿಯ ದಿಣ್ಣೆಯ ಮೇಲೆ ಕೂತು, ಹೊಟ್ಟೆ ತುಂಬಿದ್ದರೂ, ಕೊನೆಯ ಅಗುಳಿನವರೆಗೆ ನಾನೇ ತಿಂದೆ.

ಶಾಲೆಗೆ ವಾಪಸು ಬಂದಾಗ ಅಕ್ಕ "ತಿಂದ್ವಾ?" ಎಂದಳು.

"ತಿಂದ್ವು" ಎಂದೆ.

ಅವಳು ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿ ಇಟ್ಟಳು. ಮರುದಿನ ಇನ್ನೂ ಒತ್ತಿ ತುಂಬಿ ಕೊಟ್ಟಳು. ಅವತ್ತೂ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಆ ಮನೆಗೆ ಬೀಗ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ, ಅವರ ಗುಂಪನ್ನು ಬೇರೆ ತೋಟಕ್ಕೆ ಕಳಿಸಿದೆವು, ಎಲ್ಲಿಗೆಂದು ತಿಳಿದು ನಿಮಗೇನಾಗಬೇಕು ಎಂದ. ಶಾಲೆಗೆ ಬಂದು ಅದನ್ನು ಹೇಳಬಹುದಿತ್ತು. ಹೇಳಿದರೆ ಮೊದಲಿನ ಎರಡು ದಿನದ್ದೂ ಹೇಳಬೇಕಾಗುತ್ತಿತ್ತು. ಹೀಗಾಗಿ ದಿನವೂ ಅದೇ ದಿಣ್ಣೆ, ಅದೇ ಡಬ್ಬಿ.

ಇದನ್ನು ಬರೆಯುತ್ತಿರುವುದು ಸತ್ತವಳ ಹತ್ತಿರ ಕ್ಷಮೆ ಕೇಳಲಿಕ್ಕಲ್ಲ. ಅವಳ ಹಂದಿಗಳು ಕೊನೆಯವರೆಗೂ ದಪ್ಪಗೇ ಇದ್ದವು. ಆದರೆ ಅವಳನ್ನು ಅನುಮಾನಿಸಿ ಅನುಮಾನಿಸಿ, ಅವಳೂ ನನ್ನನ್ನು ನೋಡುತ್ತಿದ್ದಾಳೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಅದು ಗೊತ್ತಾದದ್ದು ಡಬ್ಬಿ ಒಯ್ಯತೊಡಗಿದ ಆರನೆಯ ದಿನ.

ನನಗೆ ಸಕ್ಕರೆ ಕಾಯಿಲೆ ಉಂಟು. ಕೆಲಸದಿಂದ ತೆಗೆದುಬಿಡುತ್ತಾರೆ ಎಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಮ್ಮೆ ತಲೆ ಸುತ್ತಿ ಕೂತಾಗ ನನ್ನ ಸೆರಗಿನ ಗಂಟಿನ ಮಾತ್ರೆ ನೋಡಿದ್ದವಳು ಅವಳೊಬ್ಬಳೇ. ಆ ದಿನ ಯಾವನೋ ದಾನಿಯ ಮಗುವಿನ ಹುಟ್ಟುಹಬ್ಬ, ಎಲ್ಲ ಮಕ್ಕಳಿಗೂ ಕೇಸರಿಬಾತು. ದೊಡ್ಡ ಪಾತ್ರೆ ತುಂಬ ಮಾಡಿದ್ದೆವು, ಮಿಕ್ಕಿತ್ತು ಕೂಡ. ಲೈನಿನ ಮಕ್ಕಳಿಗೆ ಎಂದು ಕೊಡುವ ಡಬ್ಬಿಗೆ ಮೊದಲು ಬೀಳಬೇಕಾದದ್ದು ಅದೇ. ದಿಣ್ಣೆಯ ಮೇಲೆ ಕೂತು ಮುಚ್ಚಳ ತೆಗೆದೆ. ಕೇಸರಿಬಾತು ಒಂದು ಚಮಚವೂ ಇರಲಿಲ್ಲ. ಒಂದು ಮೂಲೆಯಲ್ಲಿ ಸ್ವಲ್ಪ ಅನ್ನ. ಉಳಿದಷ್ಟಕ್ಕೂ ಸೊಪ್ಪಿನ ಪಲ್ಯ, ಶಾಲೆಯದ್ದಲ್ಲ, ಅವಳು ಮನೆಯಿಂದ ತನಗೆಂದು ತಂದದ್ದು.

ಪಲ್ಯವನ್ನು ಬೆರಳಿನಿಂದ ಸರಿಸಿ ಡಬ್ಬಿಯ ತಳದವರೆಗೆ ನೋಡಿದೆ. ಆಮೇಲೆ ತಿಂದೆ. ವಾಪಸು ಬಂದು ಡಬ್ಬಿ ತೊಳೆದು ಬೋರಲು ಹಾಕಿದೆ. ಅವಳು ಸ್ಟೌ ಒರೆಸುತ್ತಿದ್ದಳು.

"ತಿಂದ್ವಾ?" ಎಂದಳು, ನನ್ನ ಕಡೆ ತಿರುಗದೆ.

"ತಿಂದ್ವು" ಎಂದೆ.